ಊರಿಗೆ ಬಂದವಳು

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಅನ್ನುತ್ತಾರೆ.
ಮೊಂತಾನಿತಾಕ್ಕೆ ಬಂದು ಮೂರು ದಿನ,
ನಾನು ನೀರಿನ ಹತ್ತಿರ ಸುಳಿದಿರಲಿಲ್ಲ.

ಗ್ವಾಯಾಕಿಲಿನ ಬಸ್ಸು ಇಳಿಸಿದ್ದು ಮಟಮಟ ಮಧ್ಯಾಹ್ನ.
ಊರೆಂಬ ಊರೇ ಗೊರಕೆ ಹೊಡೆಯುತ್ತಿತ್ತು.
ಬಿದಿರಿನ ಮಹಡಿಯಿಂದ ಇಳಿಬಿದ್ದ ಯಾರದೋ ಕಾಲು,
ಗೋಡೆಗೆ ಒರಗಿಸಿದ ಸರ್ಫಿಂಗ್ ಹಲಗೆಯ ಮೇಲೆ
ಒಣಗುವ ಚಡ್ಡಿ,
ಬೀದಿ ನಡುವೆ ಮಲಗಿ
ಟ್ಯಾಕ್ಸಿ ಬಂದರೆ ಬಾಲ ಮಾತ್ರ ಸರಿಸುವ ನಾಯಿ.
ಇಷ್ಟೇನಾ, ಅಂದುಕೊಂಡೆ.
ಇಷ್ಟಕ್ಕೇನಾ ಐವತ್ತೆಂಟರಲ್ಲಿ ಸೊಂಟ ಮುರಿದುಕೊಂಡು ಬಂದದ್ದು?

ಸಂಜೆ ಏಳಕ್ಕೆ ಊರು ಮಗ್ಗುಲು ಬದಲಿಸಿತು.
ಒಂದೇ ಗಲ್ಲಿ, ಎರಡೂ ಬದಿ ಗಾಡಿ,
ಗಾಡಿಯ ಮೇಲೆ ಗೋಪುರವಾಗಿ ಅನಾನಸು, ಮಾವು,
ಕೊಯ್ದಿಟ್ಟ ಪ್ಯಾಶನ್ ಹಣ್ಣಿನೊಳಗೆ ಕಪ್ಪೆಮೊಟ್ಟೆಯಂಥ ಬೀಜ.
ಯಾಂದ್ರಿ ಎಂಬ ಹುಡುಗ, ಮೀಸೆ ಇನ್ನೂ ಅನುಮಾನದಲ್ಲಿದೆ,
ಬಾಟಲಿ ಮೇಲೆಸೆದು ಬೆನ್ನ ಹಿಂದೆ ಹಿಡಿದು
ನನ್ನ ನರೆಗೂದಲು ನೋಡಿ
"ಅಮಲಿಲ್ಲದ್ದೂ ಇದೆ, ಸೆನ್ಯೋರಾ" ಎಂದ.
ಅಮಲಿರೋದನ್ನೇ ಕೊಡೋ ಮಗನೇ,
ಬಾಯಿ ತಪ್ಪಿ ಕನ್ನಡದಲ್ಲೇ ಅಂದುಬಿಟ್ಟೆ.
ಅದು ಹೇಗೋ ಅವನಿಗೆ ತಿಳಿಯಿತು.

ಆಮೇಲೆ ರಾತ್ರಿ.
ನಾಲ್ಕು ಬಾರು, ನಾಲ್ಕು ಹಾಡು, ಎಲ್ಲಕ್ಕೂ ಸೇರಿ ಒಂದೇ ಢಣ್ ಢಣ್,
ಮಂಚದ ಕಾಲು ಹತ್ತಿ ಬಂದು ಹಲ್ಲಿನ ಸಂದಿಗೆ ಕೂತಿತು.
ಕಿವಿಗೆ ಇಟ್ಟುಕೊಳ್ಳಲು ಹಾಸ್ಟೆಲಿನವನು
ಬೆಂಡಿನ ಬಿರಡೆ ಕೊಟ್ಟಿದ್ದ, ಪುಕ್ಕಟೆ.
ಪುಕ್ಕಟೆ ಕೊಟ್ಟಾಗಲೇ ತಿಳಿಯಬೇಕಿತ್ತು.

ನಾಲ್ಕೂವರೆಗೆ ಎದ್ದು ಚಪ್ಪಲಿ ಮೆಟ್ಟಿ ಇಳಿದೆ.
ಮೂಲೆಯಲ್ಲಿ ಎಉಫೇಮಿಯಾಳ ತಳ್ಳುಗಾಡಿ,
ಕುದಿಯುವ ಹಂಡೆ, ಒಂದು ಬಲ್ಬು, ಅದಕ್ಕೆ ಮುತ್ತಿದ ಹುಳು.
ಟ್ಯೂನಾ ಮೀನಿನ ಸಾರು, ಒಳಗೆ ಮರಗೆಣಸಿನ ತುಂಡು,
ಮೇಲೆ ನಿಂಬೆಹುಳಿಯಲ್ಲಿ ನೆನೆದ ಈರುಳ್ಳಿ.
ಕುಡಿದದ್ದು ಇಳಿಯಲಿಕ್ಕೆ ಇದೇ ಔಷಧಿಯಂತೆ.
ಸಾಲಿನಲ್ಲಿ ಕೆನ್ನೆಗೆ ಮಿಣುಕು ಬಳಿದವಳು,
ಒಂದೇ ಕಾಲಿಗೆ ಬೂಟು ಉಳಿದವನು,
ಇಬ್ಬರು ಡೋಲಿನವರು, ಒಬ್ಬ ಪೊಲೀಸು,
ಎಲ್ಲರೂ ಪರೀಕ್ಷೆಗೆ ಕೂತ ಮಕ್ಕಳಂತೆ ಗಪ್‌ಚಿಪ್.
ರಾಶಿ ಈರುಳ್ಳಿ ಹೆಚ್ಚುತ್ತಿದ್ದಾಳೆ, ಕಣ್ಣಲ್ಲಿ ಒಂದು ಹನಿ ಇಲ್ಲ.
ನನ್ನ ಮೂವತ್ತು ಪದದ ಸ್ಪಾನಿಷ್‌ನಲ್ಲಿ ಕೇಳಿದೆ, ಅದು ಹೇಗೆ?
"ಅಳಲಿಕ್ಕೆ ಇವರಿದ್ದಾರಲ್ಲ" ಎಂದಳು.

ಆಗ ಬಂದ ಯಾಂದ್ರಿ.
ಜೇಬಿನ ಚಿಲ್ಲರೆಯನ್ನೆಲ್ಲ ಅವಳ ಏಪ್ರನ್ನಿಗೆ ಸುರಿದ.
ಅವಳು ಎಣಿಸಲಿಲ್ಲ. ಬಟ್ಟಲು ತುಂಬಿಸಿ
ಬಾಳೆಕಾಯಿ ಚಿಪ್ಸು ಪುಡಿಮಾಡಿ ಮೇಲೆ ಉದುರಿಸಿ
ಅವನು ತಿನ್ನುವಷ್ಟು ಹೊತ್ತು ಚಾಕು ಕೆಳಗಿಟ್ಟು ನಿಂತಳು.
ತಾಯಿ ಎಂದು ಯಾರೂ ಹೇಳಬೇಕಿರಲಿಲ್ಲ, ಅದೇ ಮೂಗು.
ಅವನಿಗೆ ರಾತ್ರಿ ಮುಗಿದಿದೆ, ಅವಳಿಗೆ ಹಗಲು ಹತ್ತಿದೆ,
ಇಬ್ಬರಿಗೂ ನಡುವೆ ಸಿಗುವುದು ಒಂದು ಬಟ್ಟಲು ಸಾರಿನಷ್ಟು ಹೊತ್ತು.
ಅವನ ಕಿವಿ ಇನ್ನೂ ಗುಂಯ್‌ಗುಡುತ್ತಿರಬೇಕು,
ಅವಳು ಎರಡೆರಡು ಸಲ ಹೇಳುತ್ತಿದ್ದಳು:
ಅಪ್ಪನ ದೋಣಿ ಬಂತು, ಹೋಗು.
ದೋಣಿ ಬಂತು.

"ನಿಮ್ಮ ಕಡೆ ಸಮುದ್ರ ಇಲ್ಲವೇ?" ನನ್ನ ಕಡೆ ತಿರುಗಿ ಕೇಳಿದಳು.
ಇದೆ.
"ಮತ್ತೆ?"
ನನ್ನ ಮೂವತ್ತು ಪದಗಳಲ್ಲಿ ಅದಕ್ಕೆ ಉತ್ತರ ಇರಲಿಲ್ಲ.
ಕನ್ನಡದಲ್ಲೂ ಹುಡುಕಿದೆ.

ಹುಡುಗನ ಹಿಂದೆ ನಡೆದೆ, ಸುಮ್ಮನೆ.
ಮರಳ ತುಂಬ ಸಿಗರೇಟಿನ ತುಂಡು, ಸ್ಟ್ರಾ, ಒಂಟಿ ಓಲೆ,
ಅವನ್ನು ತುಳಿಯುತ್ತ ಇಳಿವ ಪೆಲಿಕನ್ ಹಿಂಡು.
ನೀಲಿ ದೋಣಿಗೆ ಏಳು ಜನ ಹೆಗಲು ಕೊಟ್ಟಿದ್ದರು,
ಅದು ಜಪ್ಪಯ್ಯ ಅಂದರೂ ಜರುಗದು.
ಯಾರೋ ಕೇಳದೆ ಹೇಳದೆ
ನನ್ನ ಕೈಗೂ ಹಗ್ಗದ ತುದಿ ಕೊಟ್ಟರು.
ಅಲೆ ಬಂತು, ಮೊಣಕಾಲು ದಾಟಿತು,
ಸೀರೆಯಾಗಿದ್ದರೆ ಎತ್ತಿ ಕಟ್ಟುತ್ತಿದ್ದೆ, ಪ್ಯಾಂಟು ತೊಯ್ದು ಭಾರವಾಯಿತು,
ಐಸಾ ಎಂದೆ. ಅವರು ಬೇರೇನೋ ಎಂದರು.
ದೋಣಿ ಒಂದು ಗೇಣು ಮೇಲೆ ಬಂತು.

ಒಂದು ಚಪ್ಪಲಿ ಅಲ್ಲೇ ಹೋಯಿತು.
ವಾಪಸು ಬಸ್ಸಿನಲ್ಲಿ ಪಕ್ಕದವಳು
ನನ್ನ ಅಂಗೈಯ ವಾಸನೆಗೆ
ಕಿಟಕಿ ತೆರೆದಳು.